ಮುಚ್ಚಿದ ಹೋಟೆಲಿನ ಉಬ್ಬಿದ ಹಿಟ್ಟು

ಒಬ್ಬ ಮನುಷ್ಯ ಆಯುಷ್ಯವಿಡೀ ಒಂದು ಹೋಟೆಲು ನಡೆಸಿ, ಕೊನೆಗೆ ಅದರ ಬೋರ್ಡನ್ನು ತನ್ನದೇ ಮನೆಯ ಗೋಡೆಗೆ ತೂಗುಹಾಕುವ ಸ್ವಾತಂತ್ರ್ಯವೂ ಇಲ್ಲದೆ ಬದುಕಬೇಕೆಂದರೆ, ದೇಶಕ್ಕೆ ಸ್ವಾತಂತ್ರ್ಯ ಬಂದು ನನಗೇನು ಬಂತು, ನೀವೇ ಹೇಳಿ.

ಬೋರ್ಡು ಸಾಮಾನ್ಯದ್ದಲ್ಲ. ಹಸಿರು ನೆಲ, ಹಳದಿ ಅಕ್ಷರ, ಮೂಲೆಯಲ್ಲಿ ಅರ್ಧ ಮೇಲೆದ್ದ ಸೂರ್ಯ. ‘ಹೋಟೆಲ್ ಶುಭೋದಯ’ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆಸಿ, ಕೆಳಗೆ, ಸೂರ್ಯನಿಗಿಂತ ಸ್ವಲ್ಪವೇ ಚಿಕ್ಕದಾಗಿ, ‘ಮಾಲಕರು: ಸದಾನಂದ ಶೆಟ್ಟಿ’ ಎಂದು ಬರೆಸಿದ್ದೆ. ಪುಣೆಯ ಸದಾಶಿವ ಪೇಠದಲ್ಲಿ ಬೆಳಗಿನ ಕ್ಲಾಸಿಗೆ ಹೋಗುವ ಹುಡುಗಿಯರು, ರಿಕ್ಷಾದವರು, ಪಿಂಚಣಿಯ ಮುದುಕರು ಎಲ್ಲರೂ ನನ್ನ ಈ ಸೂರ್ಯನನ್ನು ನೋಡಿದ ಮೇಲೆಯೇ ಆಕಾಶದ ಸೂರ್ಯನ ಕಡೆ ಕಣ್ಣೆತ್ತುತ್ತಿದ್ದರು. (ಇದು ಉತ್ಪ್ರೇಕ್ಷೆ ಅನ್ನಿಸಿದರೆ ನೀವು ನಮ್ಮ ಇಡ್ಲಿ ತಿಂದವರಲ್ಲ.) ಅಂಥ ಬೋರ್ಡು ಈಗ ವಿಮಾನ ನಗರದ ನಮ್ಮ ಫ್ಲ್ಯಾಟಿನಲ್ಲಿ, ಸೋಫಾದ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ತಪ್ಪು ಮಾಡಿದ ವಿದ್ಯಾರ್ಥಿಯಂತೆ.

“ಇದು ಮನೆ,” ಎಂದಳು ನನ್ನ ಧರ್ಮಪತ್ನಿ ಕುಸುಮ. “ಇಲ್ಲಿ ಈ ಬೋರ್ಡು ಹಾಕಿದ್ರೆ, ಬಂದ ನೆಂಟರು ಕೂತ್ಕೊಳ್ಳುವ ಮೊದಲು ಕೈ ತೊಳೆಯುವುದೆಲ್ಲಿ ಅಂತ ಕೇಳ್ತಾರೆ.”

“ಕೇಳಲಿ. ತೋರಿಸು.”

“ಆಮೇಲೆ, ಇವತ್ತು ಎಂತ ಉಂಟು ಅಂತ ಕೇಳ್ತಾರೆ.”

“ಹೇಳು.”

“ಹೇಳ್ತೇನೆ. ಇವತ್ತು ಮಂಡೆಬಿಸಿ ಉಂಟು, ಈಗಷ್ಟೇ ಇಳಿಸಿದ್ದು ಅಂತ ಹೇಳ್ತೇನೆ.”

ಈ ಬೋರ್ಡಿನ ವಿಷಯಕ್ಕೆ ನಾವು ಪಂಥ ಕಟ್ಟಿದ್ದು, ಆ ಪಂಥ ಆಡಿಟರ ಮೇಜಿನವರೆಗೆ ಹೋದದ್ದು, ಅಲ್ಲಿಂದ ನಾನು ಇವತ್ತು ನಿಂತಿರುವ ಜಾಗಕ್ಕೆ ಬಂದು ನಿಂತದ್ದು, ಎಲ್ಲವನ್ನೂ ಹೇಳುತ್ತೇನೆ. ಆದರೆ ಮೊದಲು ಹಿಟ್ಟಿನ ವಿಷಯ ಹೇಳಬೇಕು.

ನಮ್ಮ ಹೋಟೆಲು ನಷ್ಟದಿಂದ ಮುಚ್ಚಿದ್ದಲ್ಲ. ಇದನ್ನು ಮಾತ್ರ ಎದೆ ಮುಟ್ಟಿಕೊಂಡು ಹೇಳಬಲ್ಲೆ. ಅದಿದ್ದ ವಾಡೆಯನ್ನು, ಅಂದರೆ ಹಳೆಯ ತೊಟ್ಟಿಮನೆಯನ್ನು, ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವುದೆಂದು ಅದರ ಮಾಲಕರು ನಿಶ್ಚಯಿಸಿದರು. ನಾವು ಯಾರ ಬಾಕಿಯನ್ನೂ ಮುಳುಗಿಸದೆ, ಯಾರ ಮುಂದೆಯೂ ತಲೆ ತಗ್ಗಿಸದೆ, ಒಂದು ಭಾನುವಾರ ದೀಪ ಹಚ್ಚುವ ಹೊತ್ತಿಗೆ ಹೂವಿನ ಹಾರ ಹಾಕಿ ಹೋಟೆಲನ್ನು ಬೀಳ್ಕೊಟ್ಟೆವು. ನಾನು ಮರಾಠಿಯಲ್ಲಿ ಭಾಷಣ ಮಾಡಿದೆ. ಹಳೆಯ ಗಿರಾಕಿಗಳು ಕಣ್ಣೊರೆಸಿಕೊಂಡರು. (ಸಾಂಬಾರಿಗೆ ಅಂದು ಖಾರ ಹೆಚ್ಚಾಗಿತ್ತು ಎನ್ನುವುದು ಕುಸುಮನ ವಾದ.)

ಹೋಟೆಲು ಕಸುಬಿನಲ್ಲಿ ಇವತ್ತು ಎನ್ನುವುದು ನಿನ್ನೆಯೇ ಹುಟ್ಟಿರುತ್ತದೆ. ಇವತ್ತಿನ ಇಡ್ಲಿಯ ಅಕ್ಕಿ ನಿನ್ನೆ ನೆನೆದದ್ದು. ನಾಳೆಯ ಇಡ್ಲಿ ಈಗಾಗಲೇ ಒಳಗೆಲ್ಲೋ ಪಾತ್ರೆಯಲ್ಲಿ ಸದ್ದಿಲ್ಲದೆ ಉಸಿರಾಡುತ್ತಿರುತ್ತದೆ. ಆದ್ದರಿಂದ ಶಟರು ಎಳೆಯುವ ಮೊದಲು ನಮ್ಮ ಅಡುಗೆಯ ಲತೇಶನಿಗೆ ನಾನು ಹಾಕುತ್ತಿದ್ದ ಪ್ರಶ್ನೆ ವರ್ಷಾನುವರ್ಷ ಒಂದೇ: “ನಾಳೆದ್ದು ಹಾಕಿ ಆಯ್ತಾ?” ಅವನ ಉತ್ತರವೂ ಒಂದೇ: “ಹಾಕಿ ಆಯ್ತು ಶೆಟ್ರೆ.” ಆ ಭಾನುವಾರವೂ ನಾನು ಕಣ್ಣೊರೆಸಿಕೊಳ್ಳುತ್ತ ಕೇಳಿದೆ. ಅವನು ಮೂಗೊರೆಸಿಕೊಳ್ಳುತ್ತ ಹೇಳಿದ. ಇಬ್ಬರೂ ತಬ್ಬಿಕೊಂಡೆವು. ಅವನು ಊರಿನ ಬಸ್ಸು ಹತ್ತಿದ, ನಾನು ಮನೆಗೆ ಬಂದೆ.

ಯಾವ ನಾಳೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ವಾಡೆಯ ಮಾಲಕರಿಗೆ ಬೀಗದ ಕೈ ಒಪ್ಪಿಸಲೆಂದು ನಾನೂ ಕುಸುಮನೂ ಹೋಗಿ ಅಡುಗೆಮನೆಯ ಬಾಗಿಲು ತೆರೆದೆವು. ನಮ್ಮ ದೊಡ್ಡ ಪಾತ್ರೆಯಲ್ಲಿ ಹಿಟ್ಟು, ಮುಚ್ಚಳವನ್ನು ಟೊಪ್ಪಿಯಂತೆ ತಲೆಯ ಮೇಲಿಟ್ಟುಕೊಂಡು, ಎದ್ದು ನಿಂತಿತ್ತು. ಹೋಟೆಲು ತೀರಿಕೊಂಡ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

“ಇದೆಂತ ಮಾರಾಯ್ರೆ?” ಎಂದಳು ಕುಸುಮ.

“ನಾಳೆದ್ದು.”

“ನಾಳೆದ್ದು ಅಂದ್ರೆ?”

“ಅಂದ್ರೆ... ಇವತ್ತಿನದ್ದು.”

ಅನ್ನವಾಗುವ ವಸ್ತುವನ್ನು ಚರಂಡಿಗೆ ಚೆಲ್ಲುವ ಕೈ ನನ್ನದೂ ಅಲ್ಲ, ಅವಳದೂ ಅಲ್ಲ. ರಿಕ್ಷಾ ಕರೆದೆವು. ಸದಾಶಿವ ಪೇಠದಿಂದ ವಿಮಾನ ನಗರದವರೆಗೆ ಕುಸುಮ ತುಂಟ ಮಗುವಿನ ತಲೆ ಒತ್ತಿ ಹಿಡಿದಂತೆ ಆ ಮುಚ್ಚಳವನ್ನು ಒತ್ತಿ ಹಿಡಿದಿದ್ದಳು. ಬಿಸಿಲೇರಿದಂತೆ ಹಿಟ್ಟೂ ಏರಿತು. ಪ್ರತಿ ಉಬ್ಬಿನಲ್ಲೂ ಅದು ಒಂದು ನಿಟ್ಟುಸಿರು ಬಿಟ್ಟು ಹೊರಗಿಣುಕುತ್ತಿತ್ತು. ರಿಕ್ಷಾದವನು ಹಿಂತಿರುಗಿ ನೋಡಿ, “ಹೇ ಜಿವಂತ ಆಹೇ ಕಾ?” ಎಂದು ಕೇಳಿದ. ಇದಕ್ಕೇನು ಜೀವ ಇದೆಯಾ ಅಂತ. ಅವನಿಗೆ ಏನು ಹೇಳಲಿ? ನನ್ನ ಹೋಟೆಲಿನಲ್ಲಿ ಅಂದು ಜೀವ ಉಳಿದಿದ್ದದ್ದು ಅದಕ್ಕೊಂದಕ್ಕೇ.

ಮನೆಗೆ ಬಂದು ಕುಸುಮ ಒಲೆ ಹಚ್ಚಿದಳು. ಮಧ್ಯಾಹ್ನದವರೆಗೂ ಹಬೆ ಎದ್ದಿತು. ನಾನು ಬಾಗಿಲಲ್ಲಿ ನಿಂತು ನಮ್ಮ ಸೊಸೈಟಿಯ ಎಲ್ಲ ಮಹಡಿಗೂ ಕೇಳುವಂತೆ ಘೋಷಿಸಿದೆ: “ಯಾರೂ ಒಂದು ಪೈಸೆ ಕೊಡಬಾರದು. ಇದು ಶುಭೋದಯದ ಕೊನೆಯ ಊಟ!” ಜನ ಬಂದರು. ಎದುರು ವಿಂಗಿನಲ್ಲಿರುವ, ಐಟಿ ಕಂಪನಿಯಲ್ಲಿ ದುಡಿಯುವ ಮೈಸೂರಿನ ಅವಿನಾಶ್ ಮತ್ತು ಅವನ ಹೆಂಡತಿ ಇಂಪನಾ ತಟ್ಟೆ ಹಿಡಿದು ನೆಲದ ಮೇಲೆಯೇ ಕೂತರು.

“ಅಂಕಲ್, ಪುಣೆಗೆ ಬಂದಾಗಿಂದ ಇಂಥ ಇಡ್ಲಿ ತಿಂದೇ ಇಲ್ಲ. ಸೀರಿಯಸ್ಲಿ,” ಎಂದ ಅವಿನಾಶ್. ಅವನ ಕಣ್ಣು ಒದ್ದೆಯಾಗಿತ್ತು. (ಆ ದಿನ ಸಾಂಬಾರಿಗೆ ಖಾರ ಸರಿಯಾಗಿಯೇ ಇತ್ತು. ವಿಚಾರಿಸಿದ್ದೇನೆ.)

ಮರುದಿನ ಅವನು ಖಾಲಿ ಡಬ್ಬಿ ವಾಪಸು ಕೊಡಲು ಬಂದ. ಖಾಲಿ ಡಬ್ಬಿಯನ್ನು ಖಾಲಿಯಾಗಿಯೇ ಕಳಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಕುಸುಮ ತುಂಬಿಸಿ ಕಳಿಸಿದಳು. ಅದರ ಮರುದಿನ ಮತ್ತೆ. ಆಮೇಲೆ ಪಕ್ಕದ ವಿಂಗಿನವರು, ಮೇಲಿನ ಮಹಡಿಯವರು. ಹೋಟೆಲಿನ ಹಳೆಯ ಗ್ರೈಂಡರು ಬಾಲ್ಕನಿಗೆ ಬಂತು. ರುಬ್ಬುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಡಬ್ಬಿಗಳನ್ನು ಮನೆಮನೆಗೆ ಮುಟ್ಟಿಸುವ ಪುಣ್ಯಕಾರ್ಯವನ್ನೂ ನಾನೇ ವಹಿಸಿಕೊಂಡೆ. ನಾನು ಆಗ ನನ್ನ ಜಗತ್ಪ್ರಸಿದ್ಧ ಫ್ಯಾನ್ ಸಿದ್ಧಾಂತವನ್ನು ಕಂಡುಹಿಡಿದೆ. ಹೋಟೆಲೆಂದರೆ ಬಲ್ಬಿನಂತೆ ಥಟ್ಟನೆ ಆರುವಂಥದ್ದಲ್ಲ, ಫ್ಯಾನಿನಂತೆ. ಸ್ವಿಚ್ಚು ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಆ ತಿರುಗುವಿಕೆಯ ಖರ್ಚನ್ನು ಸ್ವಿಚ್ಚು ಆರಿಸಿದವನೇ ಹೊರಬೇಕು. ಅದರಂತೆ ಕ್ಯಾಂಪ್ ಪ್ರದೇಶದ ಮಾರ್ಕೆಟಿಗೆ ಹೋಗಿ ಅಕ್ಕಿ, ಉದ್ದು, ತೆಂಗಿನಕಾಯಿ ಎಲ್ಲವನ್ನೂ ನನ್ನ ಕಿಸೆಯಿಂದ ತಂದೆ. ಶುಭೋದಯದ ಹೆಸರಿನಲ್ಲೇ ಬಿಲ್ಲು ಬರೆಸಿದೆ. ಮುಚ್ಚಿದ ಮೇಲೆ ಕೊಟ್ಟ ಖರ್ಚನ್ನೂ ವ್ಯಾಪಾರದ ಆದಾಯದಲ್ಲಿ ಕಳೆಯಬಹುದೆಂದು ಹಳೆಯ ಗಿರಾಕಿಯೊಬ್ಬರು ಹೇಳಿದ್ದರು. ಆ ಬಾಬತ್ತಿಗೆ ನಾನು ‘ನಿರ್ವಾಣೋತ್ತರ ವೆಚ್ಚ’ ಎಂದು ನಾಮಕರಣ ಮಾಡಿದೆ.

ಈ ದಾನದ ದಿನಗಳಲ್ಲಿ ಒಂದೇ ಕಿರಿಕಿರಿ. ಈಗಿನ ಮಕ್ಕಳಿಗೆ ದಾನ ತೆಗೆದುಕೊಳ್ಳಲು ಬರುವುದಿಲ್ಲ.

“ಅಂಕಲ್, ಇಡ್ಲಿ ಸೂಪರ್. ಬಟ್ ಚಟ್ನಿ ನಿನ್ನೆ ಸ್ವಲ್ಪ ಕಮ್ಮಿ ಇತ್ತು, ಆಂಟಿಗೆ ಹೇಳ್ತೀರಾ?” ಎಂದಳು ಒಂದು ದಿನ ಇಂಪನಾ.

ನನಗೆ ಮೈ ಉರಿಯಿತು. ಆದರೂ ಧರ್ಮಿಷ್ಠನ ನಗೆ ನಕ್ಕು, “ಕೊಟ್ಟಷ್ಟರಲ್ಲಿ ತೃಪ್ತಿ ಇರಬೇಕು ಮಗಾ,” ಎಂದೆ. ಅವಳು ಗಂಡನ ಮುಖ ನೋಡಿದಳು. ಅವನು ಅವಸರವಾಗಿ ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದು ತೋರಿಸಿದ. ಅದರಲ್ಲಿ ಹಸಿರು ಬಣ್ಣದ ಒಂದು ಟಿಕ್ ಮಾರ್ಕು ಇತ್ತು. ದಿನವೂ ಹೀಗೆ ತೋರಿಸುತ್ತಿದ್ದ. ನಮ್ಮ ತಿಂಡಿ ಪರೀಕ್ಷೆಯಲ್ಲಿ ಪಾಸಾಯಿತು ಎಂಬುದಕ್ಕೆ ಇವರ ಕಂಪನಿಯ ಗುರುತು ಇರಬೇಕೆಂದು ನಾನೂ ದಿನವೂ ತಲೆ ಆಡಿಸಿ ಬರುತ್ತಿದ್ದೆ. (ನನ್ನ ಗಲ್ಲಾದಲ್ಲಿ ಕೊನೆಯ ದಿನದವರೆಗೂ ನಗದು ಮಾತ್ರ ನಡೆದದ್ದು. ‘ಫೋನು ಕಿವಿಗೆ, ನೋಟು ಗಲ್ಲಾಕ್ಕೆ’ ಎಂದು, ಗಿರಾಕಿಗೆ ಚುಚ್ಚುವ ಫಲಕ ಹಾಕುವ ಪೇಠದ ಸಂಪ್ರದಾಯದಂತೆ, ಖಾರವಾಗಿ ಬರೆದು ತೂಗುಹಾಕಿದ್ದೆ. ಅದನ್ನು ಓದಲೆಂದೇ ಜನ ಬರುತ್ತಿದ್ದರು.)

ಹೀಗಿರುತ್ತ ಆದಾಯ ತೆರಿಗೆಯ ರಿಟರ್ನ್ ತುಂಬುವ ಕಾಲ ಬಂತು. ಹೋಟೆಲು ನಡೆಯುತ್ತಿದ್ದಾಗ ಮಾಡಿಕೊಟ್ಟ ಒಂದು ದೊಡ್ಡ ಮದುವೆಯ ಊಟದ ಹಣ ಈ ವರ್ಷ ಕೈಸೇರಿತ್ತು. ಅದಕ್ಕೆ ತೆರಿಗೆ ಬೀಳುತ್ತದೆ. “ಬೀಳಲಿ,” ಎಂದೆ ಗತ್ತಿನಿಂದ. “ನನ್ನ ನಿರ್ವಾಣೋತ್ತರ ವೆಚ್ಚವೆಲ್ಲ ಅದರಲ್ಲಿ ವಜಾ ಆಗ್ತದೆ. ಹೋಟೆಲು ಕಣ್ಣು ಮುಚ್ಚಿದ ಮೇಲೂ ಊರಿಗೆ ಉಣಿಸಿತು ಅಂತ ಸರಕಾರವೇ ಒಪ್ಪಿಕೊಂಡ ಹಾಗೆ. ಅಂಥ ಹೋಟೆಲಿನ ಬೋರ್ಡು ಸೋಫಾದ ಹಿಂದೆ ಇರಬೇಕಾ?”

“ಆಗ್ಲಿಕ್ಕಿಲ್ಲ,” ಎಂದಳು ಕುಸುಮ. ಅವಳ ದನಿಯಲ್ಲಿ ಒಂದು ನಿಶ್ಚಯ ಇತ್ತು. ನನಗೆ ಅನುಮಾನ ಬರಬೇಕಿತ್ತು.

“ಪಂಥ ಕಟ್ತೀಯಾ?”

“ಕಟ್ಟುವ. ಅಷ್ಟೂ ಬಿಲ್ಲು ಪಾಸಾದ್ರೆ ನಾನೇ ಮೊಳೆ ಹೊಡೆದು ಈ ಬೋರ್ಡನ್ನು ಹಾಲ್‌ನಲ್ಲಿ ಹಾಕ್ತೇನೆ. ಒಂದು ಬಿಲ್ಲು ತಪ್ಪಿದ್ರೂ ಬೋರ್ಡು ನಾನು ಹೇಳಿದಲ್ಲಿಗೆ ಹೋಗ್ತದೆ. ಒಂದು ಮಾತೂ ಆಡಬಾರದು.”

ಅವಳು ಹೇಳುವ ಜಾಗ ಇನ್ಯಾವುದು? ಭಂಗಾರ. (ಪುಣೆಯಲ್ಲಿ ಗುಜರಿ ಸಾಮಾನಿಗೆ ಭಂಗಾರ ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಬೀದಿಯ ಕೂಗು ಕೇಳಿ ಕುಸುಮ ಬಂಗಾರದವನು ಬಂದನೆಂದು ಓಡಿಹೋಗಿ ಬಾಗಿಲು ತೆರೆದಿದ್ದಳು.) ಸೋಫಾದ ಹಿಂದಿನ ಬೋರ್ಡನ್ನು ಒಮ್ಮೆ ನೋಡಿದೆ. ಆದರೂ ಶುಭೋದಯದ ಮಾಲಕ ಹಿಂಜರಿಯುವವನೇ? “ಆಯ್ತು,” ಎಂದೆ.

ನಮ್ಮ ಆಡಿಟರ್ ಶರ್ವರಿಯ ಆಫೀಸು ಇರುವುದು ಅದೇ ಸದಾಶಿವ ಪೇಠದಲ್ಲಿ, ಒಂದು ಕೋಚಿಂಗ್ ಕ್ಲಾಸಿನ ಮೇಲೆ. ಅವಳ ತಂದೆತಾಯಿ ಧಾರವಾಡದವರು. ಪ್ರತಿ ಭಾನುವಾರ ತಂದೆಯ ಕೈಹಿಡಿದು ಶಿರಾ, ಅಂದರೆ ಕೇಸರಿಭಾತು, ತಿನ್ನಲು ನಮ್ಮಲ್ಲಿಗೆ ಬರುತ್ತಿದ್ದ ಹುಡುಗಿ. ಬೆಳೆದು ದೊಡ್ಡ ಆಡಿಟರ್ ಆದಳೆಂದರೆ ಅದರಲ್ಲಿ ನಮ್ಮ ಶಿರಾದ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

“ಬರ್ರಿ ಕಾಕಾ, ಕೂಡ್ರಿ. ಕಾಕೂ, ನೀವು ಈ ಕಡೆ ಫ್ಯಾನಿನ ಕೆಳಗ ಕೂಡ್ರಿ,” ಎಂದಳು.

ನಾನು ಬಿಲ್ಲುಗಳ ಕಟ್ಟನ್ನು ಅವಳ ಮುಂದಿಟ್ಟು, ಗಂಟಲು ಸರಿಪಡಿಸಿಕೊಂಡು, ನಿರ್ವಾಣೋತ್ತರ ವೆಚ್ಚದ ಕುರಿತು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಶರ್ವರಿ ನಗು ತಡೆದುಕೊಂಡು ಕೇಳಿದಳು.

“ಹೌದ್ರಿ ಕಾಕಾ. ರೊಕ್ಕ ಮುಚ್ಚಿದ ಮ್ಯಾಲೆ ಕೊಟ್ಟಿದ್ರೂ, ಕೆಲಸ ಹೋಟೆಲ್ ನಡೀತಿದ್ದಾಗಿಂದು ಆಗಿದ್ರ ಅದನ್ನ ಕೇಳ್ಲಿಕ್ಕೆ ಬರ್ತದ. ಆ ಮದುವಿ ಆರ್ಡರಿನ ರೊಕ್ಕ ಬಂದದಲ್ಲ, ಅದರ ಎದುರಿಗೆ ಇಡೂಣು. ಕೊನೀ ತಿಂಗಳ ಲೈಟ್ ಬಿಲ್, ಪಾಸ್. ಲತೇಶ್ ಅವರ ಕೊನೀ ಪಗಾರ, ಪಾಸ್. ಬೋರ್ಡ್ ಇಳಿಸಿದ ಕೂಲಿ, ಅದೂ ಪಾಸ್.”

ಒಂದೊಂದು ಪಾಸಿಗೂ ನಾನು ಕುಸುಮನ ಕಡೆ ನೋಡಿದೆ. ಮನಸ್ಸಿನಲ್ಲೇ ನಮ್ಮ ಹಾಲ್‌ನ ಗೋಡೆಗೆ ಒಂದೊಂದು ಮೊಳೆ ಹೊಡೆದೆ.

“ಇನ್ನ ಈ ಹಿಟ್ಟು. ರುಬ್ಬಿದಾಗ ಶಟರ್ ತೆರದಿತ್ತೇನ್ರಿ?”

“ಪೂರ್ತಿ ತೆರೆದಿತ್ತು!”

“ಹಂಗಾರ ಹಿಟ್ಟೂ ಪಾಸ್.”

ನಾನು ಕುರ್ಚಿಯಲ್ಲಿ ಹಿಟ್ಟಿನಂತೆಯೇ ಉಬ್ಬಿದೆ. ಶರ್ವರಿ ಮುಂದಿನ ಬಿಲ್ಲು ತಿರುಗಿಸಿದಳು. ಅದರ ಮುಂದಿನದನ್ನೂ ತಿರುಗಿಸಿದಳು. ಹುಬ್ಬು ಮೇಲೇರಿತು.

“ಕಾಕಾ, ಇವೇನ್ರಿ? ಉದ್ದಿನ ಬ್ಯಾಳಿ, ಹೋದ ತಿಂಗಳದ್ದು! ಹೋಟೆಲ್ ಮುಚ್ಚಿ ಎಷ್ಟೋ ದಿನಾ ಆತಲ್ರಿ?”

ನಾನು ಫ್ಯಾನ್ ಸಿದ್ಧಾಂತವನ್ನು ಮಂಡಿಸಿದೆ. ತಲೆಯ ಮೇಲೆ ತಿರುಗುತ್ತಿದ್ದ ಅವಳ ಫ್ಯಾನನ್ನೇ ಉದಾಹರಣೆಯಾಗಿ ತೋರಿಸಿದೆ. ಎದ್ದು ಹೋಗಿ ಸ್ವಿಚ್ಚು ಆರಿಸಿ, “ನೋಡು, ಇನ್ನೂ ತಿರುಗ್ತಾ ಉಂಟು,” ಎಂದೆ. ಮೂವರೂ ಮೇಲೆ ನೋಡಿದೆವು. ಅದು ಮೆಲ್ಲಗೆ, ಮೆಲ್ಲಗೆ ತಿರುಗಿ, ನಿಂತಿತು.

“ನಿಂತ್ತಲ್ರಿ ಕಾಕಾ,” ಎಂದಳು ಶರ್ವರಿ ಮೃದುವಾಗಿ. “ಮುಚ್ಚಿ ಇಷ್ಟು ತಿಂಗಳಾದ್ರೂ ತಿರುಗೂ ಫ್ಯಾನಿಗೆ ಯಾರೋ ಕರೆಂಟ್ ಕೊಡ್ಲಿಕತ್ತಾರ.”

ಆಮೇಲೆ ಅವಳು ಕುಸುಮನ ಕಡೆ ತಿರುಗಿದಳು. ಕುಸುಮ ನಿಂತ ಫ್ಯಾನಿನಿಂದ ಕಣ್ಣು ತೆಗೆಯಲೇ ಇಲ್ಲ.

“ಕಾಕೂ, ಇವ್ರಿಗೆ ಇನ್ನೂ ಹೇಳೇ ಇಲ್ಲೇನ್ರಿ?”

“ಹೇಳ್ಲಿಕ್ಕೆ ಹೊತ್ತು ಸಿಗ್ಬೇಕಲ್ಲ ಶರ್ವರಿ,” ಎಂದಳು ಕುಸುಮ. “ಬೆಳಿಗ್ಗೆ ಇವರು ಡೆಲಿವರಿಗೆ ಹೋಗಿರ್ತಾರೆ.”

“ಡೆಲಿವರಿಯಾ?” ನಾನು ಎದ್ದು ನಿಂತೆ. “ನಾನು ಮಾಡುವುದು ಧರ್ಮ!”

“ಧರ್ಮ ಮೊದಲಿನ ದಿನಗಳಲ್ಲಿ ಮಾತ್ರ ಮಾರಾಯ್ರೆ. ಆಮೇಲೆ ಆ ಅವಿನಾಶನೇ ಬಂದು ಹೇಳಿದ, ಆಂಟಿ, ಫ್ರೀ ಅಂದ್ರೆ ಇನ್ನೊಂದು ಇಡ್ಲಿ ಕೇಳಕ್ಕೆ ನಾಚಿಕೆ ಆಗುತ್ತೆ, ದುಡ್ಡು ತಗೊಂಡ್ರೆ ಧೈರ್ಯವಾಗಿ ಕೇಳ್ಬಹುದು ಅಂತ. ನನಗೂ ಸರಿ ಅಂತ ಕಂಡಿತು. ಹೊಟ್ಟೆ ತುಂಬ ಕೇಳಿ ತಿನ್ನುವವರಿಗೆ ಬಡಿಸುವುದರಲ್ಲಿ ಒಂದು ಸುಖ ಉಂಟು. ಅದು ನಿಮಗೂ ಗೊತ್ತುಂಟು.”

ಆ ಹಸಿರು ಟಿಕ್ ಮಾರ್ಕು ನನ್ನ ಕಣ್ಣ ಮುಂದೆ ಬಂದು ನಿಂತಿತು. ಅದರ ಹಿಂದೆ ಚಟ್ನಿಯ ದೂರು ಬಂದು ನಿಂತಿತು. ಅದರ ಹಿಂದೆ, ‘ಕೊಟ್ಟಷ್ಟರಲ್ಲಿ ತೃಪ್ತಿ ಇರಬೇಕು ಮಗಾ’ ಎಂದು ಧರ್ಮಿಷ್ಠನ ನಗೆ ನಗುತ್ತ ನಾನೇ ಬಂದು ನಿಂತೆ.

“ಕಾಕೂ ಅವ್ರದ್ದು ಬ್ಯಾರೆ ಫೈಲೇ ಅದ ಕಾಕಾ,” ಎಂದಳು ಶರ್ವರಿ. “ಲೈಸೆನ್ಸ್ ಆಗೇದ, ಎಲ್ಲಾ ಛಲೋ ಇಟ್ಟಾರ.”

ನಾನು ಕೊನೆಯ ಹುಲ್ಲುಕಡ್ಡಿ ಹಿಡಿದೆ. “ಹಾಗಾದ್ರೆ ಈ ಅಕ್ಕಿ, ಉದ್ದು, ಕಾಯಿ, ಇದೆಲ್ಲ ಅವಳ ವ್ಯಾಪಾರದ ಖರ್ಚು! ಅಲ್ಲಿ ಪಾಸ್ ಮಾಡು.”

“ಬಿಲ್ ಶುಭೋದಯದ ಹೆಸರಿನ್ಯಾಗ ಅವ, ರೊಕ್ಕ ಕೊಟ್ಟವ್ರು ನೀವು. ಮುಚ್ಚಿದ ಹೋಟೆಲಿಗೂ ಸಲ್ಲಂಗಿಲ್ಲ, ಕಾಕೂ ಅಡಗಿಗೂ ಸಲ್ಲಂಗಿಲ್ಲ.”

“ಮತ್ತೆ ಇದು ಎಂಥ ಖರ್ಚು?”

ಶರ್ವರಿ ಬಿಲ್ಲುಗಳನ್ನು ಜೋಡಿಸಿ ನನ್ನತ್ತ ತಳ್ಳಿದಳು. “ಹೆಂಡತಿ ಮ್ಯಾಲಿನ ಪ್ರೀತಿ ಖರ್ಚು ಅನ್ರಿ ಕಾಕಾ. ಅದಕ್ಕ ವಜಾ ಭಾಳ ಕಷ್ಟ.”

ಎದ್ದು ಹೋಗಿ ಅವಳ ಫ್ಯಾನಿನ ಸ್ವಿಚ್ಚು ಮತ್ತೆ ಹಾಕಿ ಬಂದೆ. ಸೋತವನಿಗೂ ಒಂದು ಮರ್ಯಾದೆ ಇರುತ್ತದೆ.

ಮನೆಗೆ ಹೋಗುವ ರಿಕ್ಷಾದಲ್ಲಿ ನಾನು ಹೊರಗೇ ನೋಡುತ್ತ ಕೂತೆ. ಮುನಿಸು ಎಂದುಕೊಂಡಿರಬೇಕು ಕುಸುಮ. ನಿಜ ಹೇಳುತ್ತೇನೆ, ಮುನಿಸು ನದಿಯ ಸೇತುವೆ ದಾಟುವವರೆಗೆ ಮಾತ್ರ ಇತ್ತು. ಆಮೇಲೆ ಅದರ ಜಾಗದಲ್ಲಿ ಇನ್ನೇನೋ ಹುದುಗು ಬರತೊಡಗಿತು. ಇಷ್ಟು ವರ್ಷ ನನ್ನ ಗಲ್ಲಾದ ಹಿಂದೆ, ನನ್ನ ಬೋರ್ಡಿನ ಹಿಂದೆ, ಹಬೆಯಲ್ಲಿ ಮುಖ ಕಾಣದೆ ನಿಂತಿದ್ದ ಹೆಂಗಸು ಇವಳು. ನಾನು ಮುಚ್ಚಿದ ಹೋಟೆಲನ್ನು ಇವಳು ಒಂದು ಪಾತ್ರೆ ಹಿಟ್ಟಿನಿಂದ ಎಬ್ಬಿಸಿದ್ದಳು, ಅದೂ ನನ್ನದೇ ಅಕ್ಕಿಯಲ್ಲಿ. ರಿಕ್ಷಾದವನಿಗೆ ಬೆನ್ನು ತಟ್ಟಿ, “ಈಕೆ ನನ್ನ ಹೆಂಡತಿ,” ಎಂದು ಹೇಳಬೇಕೆನ್ನಿಸಿತು. (ಹೇಳಿದೆ. ಅವನು ಗೊತ್ತು ಎಂದ. ಅದೇ ರಿಕ್ಷಾದವನೋ ಏನೋ.)

ಆದರೆ ಪಂಥ ಪಂಥವೇ. ಮರುದಿನ ಬೆಳಿಗ್ಗೆ ಬೀದಿಯಲ್ಲಿ “ಭಂಗಾರ್...” ಎಂಬ ಕೂಗು ಕೇಳಿದ ಕೂಡಲೇ ನಾನೇ ಹೋಗಿ ಅವನನ್ನು ಕರೆತಂದೆ. ಬೋರ್ಡು ಲಿಫ್ಟಿನಲ್ಲಿ ಹಿಡಿಯಲಿಲ್ಲ. ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಮೆಟ್ಟಿಲು ಇಳಿಯತೊಡಗಿದೆವು. ಸೂರ್ಯ ನನ್ನ ಕಡೆಗಿದ್ದ. ತಿರುವಿನಲ್ಲಿ ಕುಸುಮ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತಳು.

“ಎಲ್ಲಿಗೆ?”

“ಮಾತು ಅಂದ್ರೆ ಮಾತು. ಭಂಗಾರಕ್ಕೆ.”

“ನಾನು ಭಂಗಾರ ಅಂತ ಹೇಳಿದ್ದೇನಾ? ನಾನು ಹೇಳಿದಲ್ಲಿಗೆ ಹೋಗ್ತದೆ ಅಂತ ಹೇಳ್ಲಿಲ್ವಾ? ಇಳಿಸಿ ಕೆಳಗೆ. ಗೇಟಿನ ಹತ್ತಿರ ಫೋನಿನ ಕವರ್ ಮಾರುವ ಅಂಗಡಿ ಇತ್ತಲ್ಲ, ಅದು ಈಗ ನಂದು. ಅಲ್ಲಿಗೆ ತನ್ನಿ.” ಆಮೇಲೆ ಭಂಗಾರದವನ ಕಡೆ ತಿರುಗಿ ಮರಾಠಿಯಲ್ಲಿ, ಹೊರುವ ಕೂಲಿಯನ್ನು ತನ್ನಿಂದಲೇ ತೆಗೆದುಕೊಳ್ಳಬೇಕೆಂದು ಅಪ್ಪಣೆ ಮಾಡಿದಳು. “ನೀವು ಕೊಡ್ಬೇಡಿ,” ಎಂದಳು ನನಗೆ. “ನೀವು ಕೊಟ್ರೆ ಎಲ್ಲಿಗೂ ಸಲ್ಲುವುದಿಲ್ಲ.”

ಅಂಗಡಿ ಚಿಕ್ಕದು, ಬೋರ್ಡು ದೊಡ್ಡದು. ಹಾಗಾಗಿ ಸೂರ್ಯ ಈಗ ಪಕ್ಕದ ಲಾಂಡ್ರಿಯ ಮೇಲೆ ಉದಯಿಸುತ್ತಾನೆ. ಲಾಂಡ್ರಿಯವನು ದಿನಕ್ಕೊಂದು ಮಸಾಲೆದೋಸೆಯ ಬಾಡಿಗೆಗೆ ಒಪ್ಪಿದ್ದಾನೆ. ಪೇಂಟರು ಬಂದು ಕೆಳಗಿನ ಸಾಲಿಗೆ ಹಸಿರು ಬಳಿದು ‘ಮಾಲಕರು: ಕುಸುಮ ಶೆಟ್ಟಿ’ ಎಂದು ಬರೆದ.

“ನನ್ನ ಹೆಸರು ಎಲ್ಲಿ ಹೋಯ್ತು?” ಎಂದು ಕೇಳಿದೆ, ಏಣಿ ಹಿಡಿದುಕೊಂಡೇ.

“ಅಲ್ಲೇ ಉಂಟಲ್ಲ, ಬಣ್ಣದ ಅಡಿಯಲ್ಲಿ.”

ನಿಜವಾಗಿಯೂ ಇದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೋಡಿ. ಹಳೆಯ ಅಕ್ಷರಗಳು ಉಬ್ಬಿಕೊಂಡು, ಅವಳ ಹೆಸರನ್ನು ಭುಜದ ಮೇಲೆ ಎತ್ತಿ ಹಿಡಿದಂತೆ ಕಾಣುತ್ತವೆ. ಬಂದ ಗಿರಾಕಿಗಳಿಗೆಲ್ಲ ನಾನು ಅದನ್ನು ಬೆರಳು ಮಾಡಿ ತೋರಿಸುತ್ತೇನೆ. ಅವರು ಹೂಂ ಎಂದು ಚಟ್ನಿ ಕೇಳುತ್ತಾರೆ. ನಾನು ಮರುಮಾತಿಲ್ಲದೆ ಬಡಿಸುತ್ತೇನೆ. ಅವಿನಾಶ್ ಫೋನು ತೋರಿಸಿದರೆ ಟಿಕ್ ಮಾರ್ಕನ್ನು ಕನ್ನಡಕ ಹಾಕಿಕೊಂಡೇ ನೋಡುತ್ತೇನೆ.

ಮೊದಲ ದಿನದ ವ್ಯಾಪಾರ ಮುಗಿದು, ಸಂಜೆ ಕುಸುಮ ಗಲ್ಲಾದಿಂದ ಎದ್ದಳು. ನಾನು ಒಳಗೆ ಗ್ರೈಂಡರು ತೊಳೆಯುತ್ತಿದ್ದೆ. ಅವಳು ಶಟರಿಗೆ ಕೈ ಹಚ್ಚಿ, ಒಳಗೆ ತಿರುಗಿ, ತನಗೇ ಗೊತ್ತಿಲ್ಲದಂತೆ ಕೇಳಿದಳು:

“ನಾಳೆದ್ದು ಹಾಕಿ ಆಯ್ತಾ?”

ಇಷ್ಟು ವರ್ಷ ನಾನು ಕೇಳುತ್ತಿದ್ದ ಪ್ರಶ್ನೆ. ಉತ್ತರ ಕೊಡುವ ಜಾಗದಲ್ಲಿ ನಿಂತಾಗಲೇ ತಿಳಿದದ್ದು, ಅದು ಎಷ್ಟು ಚಂದದ ಪ್ರಶ್ನೆ ಎಂದು. ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡು, ಎದೆಯುಬ್ಬಿಸಿ ಹೇಳಿದೆ:

“ಹಾಕಿ ಆಯ್ತು ಶೆಡ್ತಿಯವರೇ.”

ಅವಳು ನಕ್ಕಳು. ಸಮಯ ಒಳ್ಳೆಯದಿದೆ ಎಂದು ನಾನು ಮೆಲ್ಲಗೆ ನನ್ನ ಪಗಾರದ ವಿಷಯ ಎತ್ತಿದೆ.

“ಕೊಡುವ, ಕೊಡುವ,” ಎಂದಳು ಕುಸುಮ, ಶಟರು ಎಳೆಯುತ್ತ. “ಹೋಟೆಲು ಮುಚ್ಚಿದ ಮೇಲೆ ಒಟ್ಟಿಗೆ ಕೊಡ್ತೇನೆ. ಆಗ ಕೊಟ್ರೂ ಪಾಸಾಗ್ತದೆ ಅಂತ ಶರ್ವರಿ ನಿಮ್ಮೆದುರೇ ಹೇಳಿದ್ದಾಳಲ್ಲ?”